ಎಡಚಕ್ರದ ಮಣೆ

ನನ್ನ ಗಂಡ ಕಟ್ಟಿದ ಗಾಡಿಮನೆ ಓರೆಯಾಗಿತ್ತು. ಈ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಮುಚ್ಚಿಟ್ಟ ಗುಟ್ಟು ಅವಳ ಮದುವೆಯಾಗುವವರೆಗೂ ಹೊರಬೀಳಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವ ನನ್ನಂಥವಳು ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಗಾಡಿಮನೆ ಎಂದರೆ ಕ್ಯಾಂಪರ್. ವ್ಯಾನಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಎರಡು ಚಕ್ರದ ತಗಡಿನ ಮನೆ. ನಮ್ಮವರು ದರ್ಜಿ. ನಾನು ಅದೇ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವವಳು. ಹಳೇ ಗಿರಾಕಿಯೊಬ್ಬರು ಊರು ಬಿಡುವಾಗ ಆ ಗಾಡಿಯನ್ನು ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿ, ಇಟ್ಟುಕೊಳ್ಳಿ ಎಂದು ಹೇಳಿ ಹೋದರು. ಒಳಗೆ ಒಂದು ಮೊಳೆಯೂ ಇರಲಿಲ್ಲ. ನಮ್ಮವರು ದಿನಾ ಅಂಗಡಿ ಮುಚ್ಚಿದ ಮೇಲೆ ಅದರೊಳಗೆ ಸೇರಿಕೊಂಡು ಮಂಚ, ಮೇಜು, ಕಪಾಟು, ಒಲೆಯ ಕಟ್ಟೆ, ಬಾಗಿಲು ಎಲ್ಲವನ್ನೂ ತಾವೇ ಕೂರಿಸಿದರು. ಬಡಗಿ ಬೇಡವೇ ಬೇಡ ಎಂದರು. ದಪ್ಪ ದಾರದ ತುದಿಗೆ ಕತ್ತರಿ ಕಟ್ಟಿ ಇಳಿಬಿಟ್ಟು, ಆ ದಾರದ ನೇರಕ್ಕೆ ಒಂದೊಂದು ಹಲಗೆಯನ್ನೂ ಬಡಿದರು.

"ದಾರ ಸುಳ್ಳು ಹೇಳಲ್ಲ ಕಣೇ," ಎನ್ನುತ್ತಿದ್ದರು.

ದಾರ ಸುಳ್ಳು ಹೇಳಲೂ ಇಲ್ಲ. ಆದರೆ ನಮ್ಮ ಅಂಗಳ ಓರೆ. ಮಳೆನೀರು ಹರಿದುಹೋಗಲಿ ಎಂದು ಒಂದು ಕಡೆಗೆ ಇಳಿಜಾರು ಮಾಡಿದ ಅಂಗಳ ಅದು. ಗಾಡಿಯ ಎಡಚಕ್ರ ಮೇಲೆ, ಬಲಚಕ್ರ ಕೆಳಗೆ ನಿಂತಿತ್ತು. ಹಾಗಾಗಿ ಗಾಡಿಯ ನೆಲ ಓರೆ, ಗೋಡೆ ಓರೆ, ಇವರು ಕೂರಿಸಿದ ಸಾಮಾನು ಮಾತ್ರ ನೇರ. ಅಂಗಳದಲ್ಲಿದ್ದಷ್ಟು ದಿನ ಎಲ್ಲ ಚೆಂದ. ಸಮನಾದ ಜಾಗಕ್ಕೆ ತಂದು ನಿಲ್ಲಿಸಿದರೆ ನೆಲ ಸಮವಾಗುತ್ತದೆ, ಮಂಚ ಮೇಜು ಕಪಾಟುಗಳೆಲ್ಲ ಒಟ್ಟಾಗಿ ಎಡಕ್ಕೆ ವಾಲುತ್ತವೆ.

ಇದು ಗೊತ್ತಾಗಿದ್ದು ಮೊದಲನೇ ಪ್ರವಾಸದಲ್ಲಿ. ಎರಡು ದಿನದ ದಾರಿಯಲ್ಲಿ ಒಂದು ದೊಡ್ಡ ಥೀಮ್ ಪಾರ್ಕು, ಅದರ ಪಕ್ಕದಲ್ಲೇ ಇಂಥ ಗಾಡಿಗಳು ನಿಲ್ಲುವ ಮೈದಾನ. ಮೊದಲ ಸಂಜೆ ದಾರಿಯಲ್ಲೊಂದು ಕಡೆ ಗಾಡಿ ನಿಲ್ಲಿಸಿ, ಇವರು ನೀರು ತರಲು ಹೋದರು. ನಾನು ಒಲೆಯ ಮೇಲೆ ಹಾಲಿಟ್ಟೆ. ಪಾತ್ರೆ ಮೆಲ್ಲಗೆ ಜಾರಿ ನನ್ನ ಕಾಲಬುಡದಲ್ಲಿ ಬಿತ್ತು. ಅದೇ ಹೊತ್ತಿಗೆ ಮೇಲಿನ ಮಂಚದಲ್ಲಿ ಆಡುತ್ತಿದ್ದ ಮಗಳು ಉರುಳಿ ಕೆಳಗಿದ್ದ ನಮ್ಮತ್ತೆಯ ಮಡಿಲಿಗೇ ಬಿದ್ದಳು.

"ನಿನ್ನ ಗಂಡ ಮಂಚ ಮಾಡಿದಾನಾ, ಜಾರುಬಂಡೆ ಮಾಡಿದಾನಾ?" ಎಂದರು ನಮ್ಮತ್ತೆ. ಒಳ್ಳೆ ಕೆಲಸ ಮಾಡಿದರೆ ಅವರ ಮಗ, ಎಡವಟ್ಟು ಮಾಡಿದರೆ ನನ್ನ ಗಂಡ. ಈ ಕಾನೂನು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೆ.

ನಾನು ಒಂದು ಗುಂಡಿಯನ್ನು ಮೇಜಿನ ಮೇಲಿಟ್ಟೆ. ಅದು ಉರುಳಿಕೊಂಡು ಹೋಗಿ ಗೋಡೆಗೆ ತಾಗಿತು. ಅಂಗಳ ಕಣ್ಣ ಮುಂದೆ ಬಂತು, ಎಲ್ಲ ಅರ್ಥವಾಯಿತು. ತೋಳಿಗೆ ಇಸ್ತ್ರಿ ಹಾಕುವ ಗಟ್ಟಿ ಮಣೆಯೊಂದು ಸಾಮಾನಿನ ಜೊತೆ ಬಂದಿತ್ತು. ಅದನ್ನು ಎಡಚಕ್ರದ ಮುಂದಿಟ್ಟೆ. ಇವರು ಬಂದ ಮೇಲೆ, "ನೆಲ ಮೆತ್ತಗಿದೆ ರೀ, ಚಕ್ರ ಹೂತುಹೋಗುತ್ತೆ, ಸ್ವಲ್ಪ ಮುಂದೆ ತಗೊಂಡು ಇದರ ಮೇಲೆ ಹತ್ತಿಸಿ," ಎಂದೆ. ಹತ್ತಿಸಿದರು. ಗಾಡಿ ಒಂದು ಕಡೆ ನಾಲ್ಕು ಬೆರಳು ಎದ್ದಿತು. ಒಳಗೆ ಎಲ್ಲವೂ ನೆಟ್ಟಗಾಯಿತು.

ಬಾಯಿಬಿಟ್ಟು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ನಮ್ಮವರನ್ನು ಕಂಡಿಲ್ಲ. ಒಂದು ತಪ್ಪು ಸಿಕ್ಕಿದರೆ ಆ ಕೆಲಸವನ್ನೇ ಕೈಬಿಡುವ ಮನುಷ್ಯ ಅವರು. ಒಮ್ಮೆ ಒಬ್ಬರ ಕೋಟಿನ ತೋಳು ಒಂದು ಬೆರಳು ಉದ್ದವಾಗಿತ್ತು. ಗಿರಾಕಿ ನಗುತ್ತಲೇ ಹೇಳಿದ್ದರು, ಸರಿಮಾಡಿಸಿಕೊಂಡು ನಗುತ್ತಲೇ ಹೋದರು. ಇವರು ಮಾತ್ರ ಅವತ್ತಿನಿಂದ ಕೋಟು ಹೊಲಿಯಲಿಲ್ಲ. ಅಂಗಡಿಯಲ್ಲಿ ಹಾಡಿಕೊಂಡು ಹೊಲಿಯುತ್ತಿದ್ದವರು, ಯಾರೋ ಶ್ರುತಿ ತಪ್ಪಿತು ಎಂದದ್ದಕ್ಕೆ ಹಾಡುವುದನ್ನೂ ಬಿಟ್ಟರು. ಗಾಡಿ ಓರೆ ಎಂದು ಗೊತ್ತಾದರೆ ಅದು ಮತ್ತೆ ಅಂಗಳ ಬಿಟ್ಟು ಹೊರಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅದು ಹೊರಡದೆ ಇದ್ದರೆ ನನಗೆ ಆಗುವುದಿಲ್ಲ. ಈಗ ಜನ ಬಟ್ಟೆಯನ್ನು ರೆಡಿಮೇಡ್ ಕೊಳ್ಳುತ್ತಾರೆ. ನಮ್ಮಲ್ಲಿಗೆ ಬರುವುದು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು, ಹೋದ ಜಿಪ್ ಹಾಕಿಸಲು. ಬೇರೆಯವರು ಹೊಲಿದದ್ದನ್ನು ಬಿಚ್ಚಿ ಹೊಲಿಯುತ್ತ ವರ್ಷವಿಡೀ ಬೆನ್ನು ಬಗ್ಗಿಸಿ ಕೂರುವ ಅದೇ ಮನುಷ್ಯ, ಗಾಡಿಮನೆ ಕಟ್ಟಿಕೊಂಡು ಹೊರಟ ದಿನ ಕಿಟಕಿಯಾಚೆ ಮೊಣಕೈ ಹಾಕಿ, ಸಿಳ್ಳೆ ಹಾಕುತ್ತ ವ್ಯಾನು ಓಡಿಸುತ್ತಾರೆ. ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ. ಅವರನ್ನು ನೋಡಲಿಕ್ಕೇ ನಾನು ವರ್ಷವೆಲ್ಲ ಕಾಯುತ್ತೇನೆ.

ಅದಕ್ಕಾಗಿ ನಾನು ಕೇಳಿಸಿಕೊಂಡ ಮಾತು ಒಂದೆರಡಲ್ಲ. ಥೀಮ್ ಪಾರ್ಕಿನ ಪಕ್ಕದ ಮೈದಾನದಲ್ಲಿ ಪ್ರತಿ ವರ್ಷ ನಮ್ಮ ಪಕ್ಕದಲ್ಲೇ ಒಬ್ಬ ಬೇಕರಿಯವರ ಗಾಡಿ ನಿಲ್ಲುತ್ತದೆ. ನಾನು ಮಣೆ ಹೊರತೆಗೆದ ಕೂಡಲೇ ಇವರು ಅವರನ್ನು ಕರೆಯುತ್ತಾರೆ.

"ಬನ್ನಿ, ಬನ್ನಿ, ಮಣೆ ಹೊರಗೆ ಬಂತು. ನಮ್ಮವಳಿಗೆ ಸಿಮೆಂಟ್ ನೆಲ ಆದ್ರೂ ಚಕ್ರ ಹೂತುಹೋಗುತ್ತೆ ಅನ್ನೋ ಚಿಂತೆ."

ಬೇಕರಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಕಬ್ಬಿಣದ ನೆಲ ಹಾಕಿಸಿದ್ರೂ ಮಣೆ ಬಿಡಲ್ಲ ಅಲ್ವಾ ಅಕ್ಕಾ?" ಎನ್ನುತ್ತಾರೆ. ಬೇರೆ ಯಾವ ವಿಷಯಕ್ಕಾದರೂ ಆಗಿದ್ದರೆ ನಾನು ಇಬ್ಬರಿಗೂ ಚೆನ್ನಾಗಿ ಬಿಸಿ ಮುಟ್ಟಿಸುತ್ತಿದ್ದೆ. ಇದಕ್ಕೆ ಮಾತ್ರ ನಾಲಿಗೆ ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ.

ಈ ವರ್ಷ ಹೊಸ ಅಳಿಯ ನಮ್ಮ ಜೊತೆ ಹೊರಟರು. ಲಿಫ್ಟ್ ರಿಪೇರಿ ಅವರ ಕೆಲಸ. ಮಾತು ಕಡಿಮೆ, ಉಪಕಾರ ಜಾಸ್ತಿ. ಸೊಟ್ಟಗಿರುವುದನ್ನು ಕಂಡರೆ ಅವರಿಗೆ ಕೈ ತುರಿಸುತ್ತದೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ಕುರ್ಚಿಯಲ್ಲಿ ಕೂರುವ ಮೊದಲು ಗೋಡೆಯ ಗಡಿಯಾರ ನೆಟ್ಟಗೆ ಮಾಡಿದ್ದರು. ಹೊರಡುವ ವಾರ ನಾನು ಮಗಳಿಗೆ, "ಮಣೆ ವಿಷಯ ಅವರ ಕಿವಿಗೆ ಹಾಕಿಬಿಡೇ," ಎಂದಿದ್ದೆ. ಅವಳು ಹೂಂ ಎಂದಳು. ಆಮೇಲೆ, ಇಂಥದ್ದನ್ನು ಅಮ್ಮ ಹೇಳಿದರೇ ಚೆಂದ ಎಂದು ಅವಳಷ್ಟಕ್ಕೆ ಅವಳೇ ತೀರ್ಮಾನ ಮಾಡಿಕೊಂಡು, ಅದನ್ನು ನನಗೆ ಹೇಳುವುದನ್ನೂ ಮರೆತಳು.

ದಾರಿ ಸುಖವಾಗಿತ್ತು. ಮುಂದಿನ ಸೀಟಿನಲ್ಲಿ ನಮ್ಮತ್ತೆ, ಹಿಂದೆ ನಾವು ಮೂವರು, ನಡುವೆ ಬೇಯಿಸಿದ ಮೊಟ್ಟೆಯ ಡಬ್ಬಿ. ಇವರು ಸಿಳ್ಳೆ ಹಾಕಿದರು. ನಮ್ಮತ್ತೆ ಎದುರು ಬಂದ ಪ್ರತಿ ಲಾರಿಯ ಡ್ರೈವರಿಗೂ ಕೈ ಬೀಸಿದರು, ವಾಪಸ್ ಕೈ ಬೀಸದವರಿಗೆ ಬೈದರು. ಮೊದಲ ಸಂಜೆ ಮಣ್ಣಿನ ನೆಲದಲ್ಲಿ ನಿಂತೆವು, ಮಣೆಯ ಬಗ್ಗೆ ಅಳಿಯ ಏನೂ ಕೇಳಲಿಲ್ಲ. ಎರಡನೇ ಸಂಜೆ ಗುಡ್ಡದ ತಿರುವಿನಲ್ಲಿ ಜೈಂಟ್ ವೀಲಿನ ನೆತ್ತಿ ಕಂಡಿತು. ಅದನ್ನು ಮೊದಲು ಕಂಡವರು ಅವತ್ತು ಪಾತ್ರೆ ತೊಳೆಯುವ ಹಾಗಿಲ್ಲ ಎಂದು ನಮ್ಮಲ್ಲಿ ಒಪ್ಪಂದ. ನಿದ್ದೆ ಮಾಡುತ್ತಿದ್ದಾರೆ ಎಂದು ನಾವೆಲ್ಲ ಅಂದುಕೊಂಡಿದ್ದ ನಮ್ಮತ್ತೆಯೇ ಮೊದಲು ಕೂಗಿದರು. ಪಾತ್ರೆ ತೊಳೆದು ಅವರಿಗೆ ಎಷ್ಟು ವರ್ಷವಾಯಿತೋ, ಆದರೂ ಗೆಲ್ಲುವ ಹಟ.

ಮೈದಾನದಲ್ಲಿ ಎಂದಿನಂತೆ ನಾನು ಮಣೆ ತೆಗೆದೆ, ಎಂದಿನಂತೆ ಇವರು ಬೇಕರಿಯವರನ್ನು ಕರೆದರು, ಎಂದಿನಂತೆ ಇಬ್ಬರೂ ನಕ್ಕರು. ಅಳಿಯ ನಗಲಿಲ್ಲ. ಬಗ್ಗಿ ಚಕ್ರ ನೋಡಿದರು, ಸಿಮೆಂಟ್ ನೆಲ ನೋಡಿದರು, ನನ್ನನ್ನು ನೋಡಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋಗಿದ್ದರು. ನಾನು ಒಲೆ ಹಚ್ಚಿ ಹಾಲಿಟ್ಟಿದ್ದೆ, ನಮ್ಮತ್ತೆ ಇನ್ನೂ ಮಲಗಿದ್ದರು, ಮಗಳು ತಲೆ ಬಾಚುತ್ತಿದ್ದಳು. ಗಾಡಿ ಮೆಲ್ಲಗೆ ಎದ್ದಂತಾಯಿತು, ಆಮೇಲೆ ಮೆಲ್ಲಗೆ ಇಳಿಯಿತು. ಅಳಿಯ ಟಯರ್ ನೋಡುತ್ತಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಹಾಲಿನ ಪಾತ್ರೆ ಎಡಕ್ಕೆ ಜಾರಿತು. ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡು ಲೋಟಗಳು ಒಂದರ ಹಿಂದೊಂದು ಉದುರಿದವು. ನಮ್ಮತ್ತೆ ಹಾಸಿಗೆ ಸಮೇತ ಗೋಡೆಗೆ ಹೋಗಿ ಅಂಟಿಕೊಂಡರು.

"ಮಣೆ," ಎಂದರು ಗೋಡೆಯ ಕಡೆಯಿಂದ. "ಯಾರೋ ಮಣೆ ತೆಗೆದ್ರು."

ನಾನು ಬಾಗಿಲಿಗೆ ಓಡಿದೆ. ಅಳಿಯ ಜಾಕ್ ಪಕ್ಕದಲ್ಲಿಟ್ಟುಕೊಂಡು, ಒಂದು ಕೈಯಲ್ಲಿ ನನ್ನ ಮಣೆ, ಇನ್ನೊಂದು ಕೈಯಲ್ಲಿ ನೆಲ ಸಮವಿದೆಯೇ ಎಂದು ಗಾಳಿಗುಳ್ಳೆಯಿಂದ ತೋರಿಸುವ, ಜೇಬಿನಲ್ಲಿಟ್ಟುಕೊಳ್ಳುವಂಥ ಪುಟ್ಟ ರಸಮಟ್ಟ ಹಿಡಿದು ನಿಂತಿದ್ದರು. ಎದುರಿನಿಂದ ಇವರು ಟವೆಲ್ ಬೀಸುತ್ತ ಬರುತ್ತಿದ್ದರು.

"ಮಾವ, ಇಷ್ಟು ವರ್ಷ ನಿಮ್ಮ ಗಾಡಿ ಓರೆ ನಿಲ್ತಾ ಇತ್ತು," ಎಂದರು ಅಳಿಯ, ಮುಖ ಅರಳಿಸಿಕೊಂಡು. "ಎಲ್ಲಾ ಈ ಮಣೆಯಿಂದ. ಈಗ ನೋಡಿ, ಗುಳ್ಳೆ ನಟ್ಟನಡುವೆ ಇದೆ."

"ನೋಡಿದ್ಯೇನೇ?" ಇವರು ನನ್ನ ಕಡೆ ತಿರುಗಿದರು. "ನಾನು ಮೊದಲಿಂದ ಹೇಳ್ತಾನೇ ಇದ್ದೆ, ಆ ಮಣೆ ಬೇಡ ಅಂತ." ಅಷ್ಟು ಹೇಳಿ ಅಳಿಯನ ಬೆನ್ನು ತಟ್ಟಿ ಒಳಗೆ ಬಂದರು.

ನೆಲದ ಮೇಲಿನ ಹಾಲು ನೋಡಿದರು, ತೆರೆದ ಕಪಾಟು ನೋಡಿದರು, ಗೋಡೆಗಂಟಿದ ತಾಯಿಯನ್ನು ನೋಡಿದರು. ಗೂಡಿನಿಂದ ದಾರ ಮತ್ತು ಕತ್ತರಿ ತೆಗೆದರು. ಕಪಾಟಿನ ಮೂಲೆಯಿಂದ ಇಳಿಬಿಟ್ಟರು. ಕತ್ತರಿ ತೂಗಾಡಿ ತೂಗಾಡಿ ನಿಂತಿತು. ದಾರ ಒಂದು ಕಡೆ, ಕಪಾಟಿನ ಅಂಚು ಇನ್ನೊಂದು ಕಡೆ, ಕೆಳಗೆ ಬರುವಷ್ಟರಲ್ಲಿ ನಡುವೆ ಒಂದು ಅಂಗೈ ಹೋಗುವಷ್ಟು ಜಾಗ.

"ಮಣೆ ಹಾಕಿದ್ದು ಇದಕ್ಕಾ?" ಎಂದರು.

"ಹೂಂ."

"ಯಾವಾಗಿಂದ?"

"ಮೊದಲನೇ ವರ್ಷದಿಂದ."

"ಅಮ್ಮಂಗೂ ಗೊತ್ತಾ?"

"ನನ್ನ ಬೆನ್ನಿಗೆ ಎಲ್ಲರಿಗಿಂತ ಮೊದಲು ಗೊತ್ತಾಯ್ತು ಕಣೋ," ಎಂದರು ನಮ್ಮತ್ತೆ.

ಮಗಳ ಕಡೆ ನೋಡಿದರು. ಅವಳು ಬಾಚಣಿಗೆ ಹಿಡಿದುಕೊಂಡು ತಲೆ ತಗ್ಗಿಸಿದಳು. ಇವರು ಕತ್ತರಿ ಬಿಚ್ಚಿಟ್ಟು, ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತ, ಏರದ ದನಿಯಲ್ಲಿ, "ಎಲ್ಲಾ ಸೇರ್ಕೊಂಡು ಚಿಕ್ಕ ಮಗುನ ಆಡಿಸಿದ ಹಾಗೆ ಆಡಿಸಿದೀರಿ. ಇರಲಿ. ಊರಿಗೆ ಹೋದ ಮೇಲೆ ಇದನ್ನ ಗುಜರಿಯವನಿಗೆ ಕೊಟ್ಟುಬಿಡ್ತೀನಿ," ಎಂದರು.

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅರ್ಧ ಗಂಟೆಯಲ್ಲಿ ಎಲ್ಲ ತಣ್ಣಗಾಗುತ್ತಿತ್ತು. ಕೋಟು ಬಿಟ್ಟ ದಿನವೂ ಅವರು ಇದೇ ದನಿಯಲ್ಲಿ ಮಾತಾಡಿದ್ದರು. ಆ ದನಿ ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು. ಹೊರಗೆ ಅಳಿಯ ಮೆಟ್ಟಿಲಿನ ಮೇಲೆ ಮಣೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಅತ್ತೆ, ನಾನು ಒಳ್ಳೇದು ಮಾಡೋಣ ಅಂತ," ಎಂದರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಮಗಳನ್ನು ಬೈದೆ. ಅವಳೂ ಸುಮ್ಮನೆ ಬೈಸಿಕೊಂಡಳು.

ಪಾರ್ಕಿಗೆ ಬರುವುದಿಲ್ಲ ಎಂದು ಇವರು ಕೂತರು. ನಮ್ಮತ್ತೆ ಚಪ್ಪಲಿ ಮೆಟ್ಟಿಕೊಂಡು ಎದುರು ಬಂದು ನಿಂತರು.

"ಟಿಕೆಟ್ ತಗೊಂಡಾಗಿದೆ. ಮುಖ ಊದಿಸ್ಕೊಳ್ಳೋದಾದ್ರೆ ಒಳಗೆ ಬಂದು ಊದಿಸ್ಕೋ."

ತಾಯಿಯ ಮಾತಿಗೆ ಎದ್ದರು. ಪಾರ್ಕಿನೊಳಗೆ ಬಂದು ಒಂದು ಬೆಂಚಿನ ಮೇಲೆ ಕೂತು ಎಲ್ಲರ ಚೀಲ ಕಾದರು. ತಲೆಯ ಮೇಲೆ ಏರಿಳಿಯುವ ಆಟದ ರೈಲು ಬುರ್ರೆಂದು ಹೋಯಿತು, ಮಕ್ಕಳು ಕಿರುಚಿದರು, ಇವರು ಕತ್ತೆತ್ತಿ ನೋಡಲಿಲ್ಲ. ಮಗಳು ಐಸ್‌ಕ್ರೀಮ್ ತಂದುಕೊಟ್ಟಳು. ಅದು ಕರಗಿ ಮೊಣಕೈವರೆಗೆ ಹರಿಯಿತು. ನಾನು ಪಕ್ಕದಲ್ಲಿ ಕೂತು ಕೈ ಒರೆಸಿದೆ. ಬೇಡ ಎನ್ನಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಬೆಂಚಿನ ಎದುರಿಗೇ ಈ ವರ್ಷ ಹೊಸದಾಗಿ ಒಂದು ಮನೆ ಕಟ್ಟಿದ್ದರು. ಒಂದು ಕಡೆಗೆ ಕುಸಿದಂತೆ ನಿಂತ ಬಣ್ಣದ ಮನೆ, ಬಾಗಿಲ ಮೇಲೆ 'ಓರೆಮನೆ' ಎಂದು ಬೋರ್ಡು. ಅದರ ಮುಂದೆ ರೈಲಿಗಿಂತ ಉದ್ದದ ಸಾಲು. ಒಳಗಿನಿಂದ ಜನ ನಕ್ಕು ನಕ್ಕು ಸುಸ್ತಾಗಿ, ಕಣ್ಣೊರೆಸಿಕೊಂಡು ಹೊರಬರುತ್ತಿದ್ದರು. ಗಾಯದ ಮೇಲೆ ಉಪ್ಪು ಸವರಿದ ಹಾಗೆ ಇದೇ ಇವರ ಎದುರಿಗೆ ಇರಬೇಕೇ ಎಂದುಕೊಂಡೆ. ನಮ್ಮತ್ತೆಗೆ ಅಂಥ ಚಿಂತೆ ಯಾವುದೂ ಇರಲಿಲ್ಲ.

"ನಾನು ನಡೆದು ಹೋಗೋ ಅಂಥದ್ದು ಇಲ್ಲಿ ಇದೊಂದೇ," ಎಂದು ಮಗನ ಕೈ ಹಿಡಿದೆಳೆದರು. "ಬಾ, ನನ್ನ ಕೈ ಹಿಡ್ಕೋ."

ಒಳಗೆ ನೆಲ ಒಂದು ಕಡೆಗೆ ಇಳಿದಿತ್ತು, ಗೋಡೆಗಳೂ ಅದೇ ಕಡೆಗೆ ವಾಲಿದ್ದವು. ಹಿಡಿದುಕೊಳ್ಳಲು ಉದ್ದಕ್ಕೂ ಹಗ್ಗ ಕಟ್ಟಿದ್ದರು. ನಮ್ಮ ಮುಂದಿದ್ದವರೆಲ್ಲ ಹಗ್ಗಕ್ಕೆ ಜೋತುಬಿದ್ದು, ಒಬ್ಬರ ಮೇಲೊಬ್ಬರು ಬೀಳುತ್ತ, ಕೇಕೆ ಹಾಕುತ್ತ ಹೋಗುತ್ತಿದ್ದರು. ಬಣ್ಣದ ಟೋಪಿ ಹಾಕಿದ ಹುಡುಗಿಯೊಬ್ಬಳು, "ಹಗ್ಗ ಬಿಡಬೇಡಿ, ಎಲ್ಲರಿಗೂ ತಲೆ ತಿರುಗುತ್ತೆ," ಎಂದು ಸಾರುತ್ತಿದ್ದಳು.

ನಮ್ಮತ್ತೆ ಹಗ್ಗದ ಕಡೆ ನೋಡಲೂ ಇಲ್ಲ. ಮಗನ ಕೈಯನ್ನೂ ಬಿಟ್ಟು, ಗಾಡಿಮನೆಯಲ್ಲಿ ಒಲೆಯಿಂದ ಮಂಚಕ್ಕೆ ಹೋಗುವ ಹಾಗೆ ಆ ತುದಿಗೆ ನಡೆದುಹೋಗಿ ಅಲ್ಲಿದ್ದ ಕುರ್ಚಿಯಲ್ಲಿ ಕೂತರು. ಹಿಂದೆ ಮಗಳು ಕೂದಲು ಗಂಟು ಹಾಕಿಕೊಳ್ಳುತ್ತ ನಡೆದಳು. ನಾನೂ ನಡೆದೆ. ಕಾಲಿಗೆ ಏನೂ ಅನ್ನಿಸಲೇ ಇಲ್ಲ. ಪ್ರತಿ ವರ್ಷ ನಾವು ವಾಸ ಮಾಡಿದ್ದೇ ಇಂಥ ನೆಲದ ಮೇಲಲ್ಲವೇ?

ಟೋಪಿಯ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. "ಅಜ್ಜಿ, ನಿಮಗೆ ತಲೆ ತಿರುಗಲ್ವಾ?"

"ಇದಕ್ಕೆಲ್ಲಾ ಯಾಕಮ್ಮಾ ತಿರುಗುತ್ತೆ? ನಮ್ಮ ಗಾಡಿನೂ ಹೀಗೇ ಇದೆ. ನನ್ನ ಮಗ ಮಾಡಿದ್ದು," ಎಂದರು ನಮ್ಮತ್ತೆ.

ನನ್ನ ಮಗ ಎಂದರು. ಅದು ನನ್ನ ಕಿವಿಗೆ ಬಿತ್ತು, ಇವರ ಕಿವಿಗೂ ಬಿದ್ದಿರಬೇಕು. ಇವರು ಕೋಣೆಯ ನಟ್ಟನಡುವೆ, ಏನನ್ನೂ ಹಿಡಿಯದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆಮೇಲೆ ಜೇಬಿಗೆ ಕೈ ಹಾಕಿ ಬೆಳಗಿನ ದಾರ ತೆಗೆದರು. ತುದಿಗೆ ವ್ಯಾನಿನ ಬೀಗದಕೈ ಕಟ್ಟಿ ಇಳಿಬಿಟ್ಟರು. ಬೀಗದಕೈ ನಿಂತಿತು. ದಾರ ಒಂದು ಕಡೆ, ಗೋಡೆ ಇನ್ನೊಂದು ಕಡೆ. ತಲೆ ಓರೆ ಮಾಡಿ ಎರಡನ್ನೂ ಹೋಲಿಸಿ ನೋಡಿದರು.

"ಇಷ್ಟು ಕರೆಕ್ಟಾಗಿ ಓರೆ ಕಟ್ಟೋಕೆ ಆರು ತಿಂಗಳು ಹಿಡೀತು ಸರ್," ಎಂದಳು ಹುಡುಗಿ.

"ನನಗೆ ಅಷ್ಟು ದಿನ ಹಿಡೀಲಿಲ್ಲ," ಎಂದರು ಇವರು.

ಮಗಳು ಕಿಸಕ್ಕೆಂದಳು. ಇವರ ಹೆಗಲು ಅಲುಗಿತು. ಅಳುತ್ತಿದ್ದಾರೇನೋ ಎಂದು ನಾನು ಎರಡು ಹೆಜ್ಜೆ ಮುಂದೆ ಬಂದೆ. ನಗುತ್ತಿದ್ದರು. ದಾರ ಹಿಡಿದುಕೊಂಡೇ ನಗುತ್ತಿದ್ದರು, ಬೀಗದಕೈ ಅವರ ಜೊತೆ ಕುಣಿಯುತ್ತಿತ್ತು. "ದಾರದ್ದೇನೂ ತಪ್ಪಿಲ್ಲ ಕಣೇ," ಎಂದರು ನನಗೆ. "ಅಂಗಳ ಓರೆ. ನಾನು ಅಂಗಳ ನೋಡೇ ಇರ್ಲಿಲ್ಲ."

ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು. "ಮಾವ."

ಅಳಿಯ ಬಾಗಿಲಿನಿಂದ ಮೂರು ಹೆಜ್ಜೆಯೂ ಬಂದಿರಲಿಲ್ಲ. ಹುಟ್ಟಿದಾಗಿನಿಂದ ಸಮನೆಲ, ಕೆಲಸದಲ್ಲೂ ಸಮನೆಲ. ಆ ಮನುಷ್ಯನಿಗೆ ಓರೆಯ ಗಾಳಿಯೇ ಗೊತ್ತಿಲ್ಲ. ಎರಡೂ ಕೈಯಲ್ಲಿ ಹಗ್ಗ ತಬ್ಬಿಕೊಂಡು, ಕಣ್ಣು ಮುಚ್ಚಿ, ಬೆವರಿ ನಿಂತಿದ್ದರು. ಇವರು ದಾರ ಜೇಬಿಗೆ ಹಾಕಿ ಅವರ ಬಳಿ ಹೋದರು.

"ಕಣ್ಣು ಬಿಡಿ. ಗೋಡೆ ನೋಡಬೇಡಿ, ನನ್ನ ಬೆನ್ನು ನೋಡಿ. ಭುಜ ಹಿಡ್ಕೊಳ್ಳಿ. ಹಾಂ, ಹಾಗೆ. ಅಭ್ಯಾಸ ಆಗೋವರೆಗೂ ಹೀಗೇ. ನಮ್ಮ ಮನೇಲಿ ಇರಬೇಕು ಅಂದ್ರೆ ಇದನ್ನ ಕಲೀಲೇಬೇಕು."

ಮಾವನ ಭುಜ ಹಿಡಿದುಕೊಂಡು ಅಳಿಯ ಇಡೀ ಓರೆಮನೆ ದಾಟಿದರು. ಹೊರಗೆ ಬಂದ ಮೇಲೆ ನಮ್ಮತ್ತೆ ಇನ್ನೊಂದು ಸಲ ಹೋಗೋಣ ಎಂದರು. ಹೋದೆವು. ಆಮೇಲೆ ರೈಲಿಗೂ ಹೋದೆವು, ಇವರೂ ಬಂದರು, ಇಳಿಜಾರಿನಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆದರೆ ಗುಜರಿಯ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ನಕ್ಕ ಮಾತ್ರಕ್ಕೆ ಹಟ ಬಿಡುವವರಲ್ಲ ಅವರು.

ಸಂಜೆ ಮೈದಾನಕ್ಕೆ ಬಂದಾಗ ಗಾಡಿ ಹಾಗೆಯೇ, ಸಿಮೆಂಟಿನ ಮೇಲೆ ಸಮನಾಗಿ, ಒಳಗೆಲ್ಲ ವಾಲಿಕೊಂಡು ನಿಂತಿತ್ತು. ನಾನು ಮೆಟ್ಟಿಲ ಬಳಿ ಮಣೆ ಹುಡುಕಿದೆ. ಇರಲಿಲ್ಲ. ತಿರುಗಿ ನೋಡಿದರೆ ಅದು ಇವರ ಕೈಯಲ್ಲಿತ್ತು. ಟವೆಲಿನಿಂದ ಅದರ ಧೂಳು ಒರೆಸುತ್ತಿದ್ದರು. ಅಳಿಯ ಜಾಕ್ ಎತ್ತಿದರು, ಇವರು ಮೊಣಕಾಲೂರಿ ಮಣೆಯನ್ನು ಎಡಚಕ್ರದ ಕೆಳಗೆ ತಾವೇ ಸರಿಸಿದರು. ಚಕ್ರ ಇಳಿದು ಅದರ ಮೇಲೆ ಕೂತಿತು. ಒಳಗೆ ಕಪಾಟಿನ ಬಾಗಿಲು ತಾನಾಗಿ ಮುಚ್ಚಿಕೊಂಡ ಸದ್ದು ಕೇಳಿತು.

ಪಕ್ಕದ ಗಾಡಿಯಿಂದ ಬೇಕರಿಯವರು ಇಣುಕಿದರು. "ಏನು, ಈಗ ನೀವೇ ಮಣೆ ಇಡೋಕೆ ಶುರು ಮಾಡಿದ್ರಾ? ಅಕ್ಕನ ಚಿಂತೆ ನಿಮಗೂ ಅಂಟ್ಕೊಂಡಿತಾ?"

ನಾನು ಬೇರೆ ಕಡೆ ತಿರುಗಿಕೊಂಡೆ. ಇವರು ಎದ್ದುನಿಂತು ಮೊಣಕಾಲು ಕೊಡವಿಕೊಂಡರು.

"ಗಾಡಿ ಓರೆ ಇದೆ," ಎಂದರು, ಮೈದಾನದಲ್ಲಿ ಎಲ್ಲರಿಗೂ ಕೇಳುವ ಹಾಗೆ. "ಓರೆ ಕಟ್ಟಿದ್ದು ನಾನು. ಇಷ್ಟು ವರ್ಷ ಅದನ್ನ ನೆಟ್ಟಗೆ ನಿಲ್ಲಿಸಿದ್ದು ನಮ್ಮವಳು. ಒಂದು ಮಾತೂ ಆಡದೆ. ನಾವಿಬ್ಬರೂ ಇವಳನ್ನ ನೋಡಿ ನಗ್ತಾ ಇದ್ವಿ."

ಬೇಕರಿಯವರು ಮೆಲ್ಲಗೆ ತಲೆ ಒಳಗೆ ಎಳೆದುಕೊಂಡರು. ಇಷ್ಟು ವರ್ಷ ನುಂಗಿಕೊಂಡ ಸಿಟ್ಟೆಲ್ಲ ಒಟ್ಟಿಗೆ ಅಳುವಾಗಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಅದೆಲ್ಲಾ ಇರಲಿ. ಗುಜರಿಗೆ ಕೊಡ್ತೀನಿ ಅಂದ್ರಲ್ಲ, ಅದೇನಾಯ್ತು?" ಎಂದು ಕೇಳಿಯೇಬಿಟ್ಟೆ.

"ಯಾರು ತಗೊಳ್ತಾರೆ ಕಣೇ ಅದನ್ನ?" ಎಂದರು. "ಅದರಲ್ಲಿ ನಡೆಯೋಕೆ ಬರೋದು ನಮಗೆ ಮಾತ್ರ."

ಗಾಡಿ ನೆಟ್ಟಗಾದ ಕೂಡಲೇ ಒಳಗೆ ಹಾಲಿಟ್ಟಿದ್ದ ನಮ್ಮತ್ತೆ, ಅದು ಉಕ್ಕುತ್ತಿದೆ ಎಂದು ಕೂಗಿದರು. ನಾನು ಒಳಗೆ ಹೋಗಿ ಒಲೆ ಸಣ್ಣ ಮಾಡಿ ಐದು ಲೋಟ ಇಟ್ಟೆ. ಹೊರಗೆ ಇವರು ಅಳಿಯನಿಗೆ ಮುಂದಿನ ವರ್ಷ ಯಾವ ದಾರಿಯಲ್ಲಿ ಬರುವುದು ಎಂದು ವಿವರಿಸುತ್ತಿದ್ದರು.